ಮೂರನೇ ಸಾಲಿಗೆ ಎರಡು ದಾಳ

ಅಕ್ಕನ ಆಟದಲ್ಲಿ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಬೆಳಕು ಯಾರ ಕೈಲಿದೆ?"

ನಾವು ಕತ್ತಿ ಹಿರಿದು ಗುಹೆಗೆ ನುಗ್ಗಲು ತುದಿಗಾಲಲ್ಲಿ ನಿಂತಿರುತ್ತಿದ್ದೆವು. ಅವಳು ಸೀಮೆಸುಣ್ಣ ಹಿಡಿದು ಕಾಯುತ್ತಿದ್ದಳು. ಕತೆ ನಡೆಸುವವಳು ಅವಳು. ನಾವು ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಆ ಕತೆಯೊಳಗೆ ಹೊಕ್ಕು, ಏನು ಮಾಡುತ್ತೇವೆಂದು ಹೇಳಬೇಕು. ಅದು ಆಗುತ್ತದೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಆದರೆ ಬೆಳಕಿನ ವಿಷಯಕ್ಕೆ ಬಂದರೆ ಅಕ್ಕ ಬಲು ಖಡಕ್ಕು. ಪಂಜು ಹೊತ್ತಿಸಿದ್ದೇನೆಂದು ಬಾಯಿಬಿಟ್ಟು ಹೇಳದಿದ್ದರೆ ಕತ್ತಲೆ. ಕಣ್ಣು ಇದ್ದೂ ಇಲ್ಲ, ಕಿವಿಗೆ ಬಿದ್ದಷ್ಟೇ ಲೆಕ್ಕ. ಅರೆಬೆಳಕಾದರೆ ಎರಡು ದಾಳ ಉರುಳಿಸಬೇಕು, ಕಡಿಮೆ ಬಿದ್ದದ್ದೇ ನಮ್ಮ ಪಾಲು. ಪೂರಾ ಬೆಳಕಿದ್ದು, ಎದುರಿಗಿರುವವನು ಯಾವುದರ ಮರೆಯಲ್ಲೂ ಇಲ್ಲದಿದ್ದರೆ ದಾಳವೇ ಬೇಡ. ಕಂಡಿತು, ಮುಗಿಯಿತು.

"ಅಕ್ಕಾ, ನನ್ನ ಮಾಂತ್ರಿಕನಿಗೆ ಕತ್ತಲಲ್ಲೂ ಕಾಣ್ತದೆ," ಎಂದು ಬೇಕರಿ ಪ್ರತಿ ಸಲ ತಗಾದೆ ತೆಗೆಯುತ್ತಿದ್ದ. ಬೇಕರಿಯಲ್ಲಿ ಹಿಟ್ಟು ನಾದುವವನು, ಹೆಸರೂ ಅದೇ ಆಗಿಬಿಟ್ಟಿತ್ತು.

"ನೀನು ಮಾಡೋ ಬನ್ನಲ್ಲಿ ಇರುವೆ ಓಡಾಡೋದೇ ನಿನಗೆ ಕಾಣಲ್ಲ. ಕತ್ತಲಲ್ಲಿ ಕಾಣುತ್ತಂತೆ, ದೊಡ್ಡ ಮನುಷ್ಯ!" ಎಂದು ಕಡ್ಡಿ ರೇಗಿಸುತ್ತಿದ್ದ.

ಕಡ್ಡಿ ಅಕ್ಕನ ಸ್ವಂತ ತಮ್ಮ, ನನ್ನ ಜೀವದ ಗೆಳೆಯ. ಅವನು, ನಾನು, ಫೋರ್ಕ್‌ಲಿಫ್ಟ್ ಓಡಿಸುವ ಡ್ರೈವರಣ್ಣ, ಮೂವರದೂ ಒಂದೇ ಗೋದಾಮಿನಲ್ಲಿ ಕೆಲಸ. ಅಕ್ಕನದು ಹೊಲಿಗೆ ಅಂಗಡಿಯಲ್ಲಿ ಪ್ಯಾಂಟಿನ ಅಂಚು ಮಡಿಸುವ ಕೆಲಸ. ಆಟದ ನಕ್ಷೆಯನ್ನು ಅವಳು ಕರಿಬಟ್ಟೆಯ ಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲೇ ಬರೆಯುತ್ತಿದ್ದಳು. ನಾವೆಲ್ಲ ಅದರ ಮೇಲೆ ಗುಂಡಿಗಳು. ನನ್ನದು ಶರ್ಟಿನ ಬಿಳಿ ಗುಂಡಿ, ಡ್ರೈವರಣ್ಣನದು ಹಿತ್ತಾಳೆಯದು, ಕಡ್ಡಿಯದು ಯಾರದೋ ಕೋಟಿನಿಂದ ಉದುರಿದ ದೊಡ್ಡ ಹಸಿರು ಗುಂಡಿ.

ಕಡ್ಡಿ ಸತ್ತದ್ದು ಗೋದಾಮಿನ ಮೂರನೇ ಸಾಲಿನಲ್ಲಿ. ಎರಡೂ ಬದಿಗೆ ಚಾವಣಿ ಮುಟ್ಟುವ ರ‍್ಯಾಕುಗಳು, ನಡುವೆ ಪೆಟ್ಟಿಗೆ ಎತ್ತಿ ಸಾಗಿಸುವ ಫೋರ್ಕ್‌ಲಿಫ್ಟ್ ಗಾಡಿ ಓಡಾಡುವ ದಾರಿ. ಕೆಳಗಿನ ಹಲಗೆಯ ಪೆಟ್ಟಿಗೆಗಳ ನಂಬರು ಓದುವುದು ಅವನ ಕೆಲಸ, ಅದಕ್ಕೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂರಲೇಬೇಕು. ಡ್ರೈವರಣ್ಣ ಗಾಡಿಯನ್ನು ಹಿಂದಕ್ಕೆ ತೆಗೆದ. ಅಷ್ಟೇ.

ಆ ಸಾಲಿನ ಟ್ಯೂಬ್‌ಲೈಟುಗಳು ಕೆಟ್ಟು ಎಷ್ಟೋ ಕಾಲವಾಗಿತ್ತು. ನಾನೇ ಸೂಪರ್‌ವೈಸರ್‌ಗೆ ಹೇಳಿ ಹೇಳಿ ಬೇಸತ್ತಿದ್ದೆ. "ನಾಳೆ ಹಾಕಿಸೋಣ" ಎನ್ನುತ್ತಿದ್ದ. ಆ ನಾಳೆ ಕೊನೆಗೂ ಬಂತು. ಕಡ್ಡಿಯನ್ನು ಎತ್ತಿಕೊಂಡು ಹೋದ ಮೇಲೆ ತೊಳೆದ ನೆಲ ಇನ್ನೂ ಆರಿರಲಿಲ್ಲ, ಏಣಿ ಬಂತು, ಹೊಸ ಟ್ಯೂಬುಗಳು ಬಂದವು. ಅಷ್ಟು ಚುರುಕಾಗಿ ಅಲ್ಲಿ ಯಾವ ಕೆಲಸವೂ ಆದದ್ದನ್ನು ನಾನು ಕಂಡಿಲ್ಲ. ಆಮೇಲೆ ಕಂಪನಿಯ ಮಾತು ಶುರುವಾಯಿತು: ಬೆಳಕು ಚೆನ್ನಾಗಿತ್ತು, ಹುಡುಗ ಕೈಯಲ್ಲಿ ಫೋನ್ ಹಿಡಿದು ಗಾಡಿ ಓಡಾಡುವ ದಾರಿಯಲ್ಲಿ ಕೂತಿದ್ದ, ತಪ್ಪು ಅವನದೇ.

ನಾನು ಮ್ಯಾನೇಜರ್ ಮುಂದೆ ಹೋಗಿ ಕೂಗಾಡಿದೆ. "ನೀನು ಅಲ್ಲಿದ್ಯಾ?" ಎಂದು ಕೇಳಿದ. ಇರಲಿಲ್ಲ, ಲಾರಿ ಇಳಿಸುವ ಬಾಗಿಲಲ್ಲಿದ್ದೆ. "ಎಷ್ಟನೇ ಕ್ಲಾಸ್ ಓದಿದ್ದೀಯ?" ಎಂದ. ಟ್ಯೂಬ್‌ಲೈಟ್ ಉರಿಯುತ್ತಿದೆಯೋ ಇಲ್ಲವೋ ಹೇಳಲು ಎಷ್ಟನೇ ಕ್ಲಾಸ್ ಓದಬೇಕೋ ನನಗೆ ತಿಳಿಯದು.

ಅಲ್ಲಿದ್ದವನು ಒಬ್ಬನೇ, ಡ್ರೈವರಣ್ಣ. ಅವನು ಕಂಪನಿಯ ಮಾತಿಗೆ ತಲೆಯಾಡಿಸಿದ್ದ. ಸೋಮವಾರ ವಿಚಾರಣೆ. ಅಲ್ಲಿ ಅವನು ಹೇಳಿದ್ದೇ ಕಡ್ಡಿಯ ಹಣೆಬರಹವಾಗಿ ದಾಖಲಾಗುತ್ತದೆ.

ಅದರ ಹಿಂದಿನ ದಿನ, ಭಾನುವಾರ ಮಧ್ಯಾಹ್ನ, ಅಕ್ಕ ಎಲ್ಲರಿಗೂ ಹೇಳಿ ಕಳಿಸಿದಳು, ಆಟಕ್ಕೆ ಬನ್ನಿ ಅಂತ. ದುಃಖಕ್ಕೆ ತಲೆ ಕೆಟ್ಟಿದೆ ಅಂದುಕೊಂಡೆ. ಡ್ರೈವರಣ್ಣ ಬರಲಾರ ಅಂದುಕೊಂಡೆ. ಬಂದ. ಗಡ್ಡ ಬೋಳಿಸಿರಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತ. ಎರಡೇಟು ಬಿಗಿಯಬೇಕೆಂದೇ ನಾನು ಅವನ ಪಕ್ಕದಲ್ಲಿ ಕೂತೆ.

ಅಕ್ಕ ಕರಿಬಟ್ಟೆ ಹಾಸಿ ಉದ್ದಕ್ಕೆ ಎರಡು ಗೆರೆ ಎಳೆದಳು. ಎರಡೂ ಬದಿಗೆ ಸಣ್ಣ ಸಣ್ಣ ಚೌಕಗಳು. ಅರ್ಧ ಬರೆಯುವಷ್ಟರಲ್ಲೇ ನನಗೆ ಗೊತ್ತಾಯಿತು, ಅದು ಮೂರನೇ ಸಾಲು. ಹಸಿರು ಗುಂಡಿಯನ್ನು ನಡುವೆ ಇಟ್ಟಳು.

"ಅಕ್ಕಾ, ಇವತ್ತು ಬೇಡ," ಎಂದ ಬೇಕರಿ.

"ನೀನು ಸುಮ್ನಿರು." ಹಿತ್ತಾಳೆ ಗುಂಡಿಯನ್ನು ಸಾಲಿನ ಬಾಯಿಗೆ ತಂದಿಟ್ಟಳು. "ಅಣ್ಣಾ, ಇದು ನೀನು. ಹಿಂದಕ್ಕೆ ಬರ್ತಿದ್ದೀಯ. ತಿರುಗಿ ನೋಡ್ತೀಯ. ಉರುಳಿಸು. ಅವನು ಕಾಣ್ತಾನಾ ಇಲ್ವಾ ನೋಡೋಣ."

ಬೆಳಕಿನ ಬಗ್ಗೆ ಅವಳು ಒಂದು ಮಾತೂ ಆಡಲಿಲ್ಲ. ಅಷ್ಟು ವರ್ಷಗಳಲ್ಲಿ ಅದೇ ಮೊದಲ ಸಲ.

ಡ್ರೈವರಣ್ಣ ದಾಳದ ಬಟ್ಟಲಿಗೆ ಕೈ ಹಾಕಿದ. ತೆಗೆದ. ಅಂಗೈಯಲ್ಲಿ ಎರಡು ದಾಳಗಳಿದ್ದವು.

"ಎರಡು ಯಾಕಣ್ಣ?" ಎಂದಳು ಅಕ್ಕ.

ಅವನು ತನ್ನ ಕೈಯನ್ನೇ ನೋಡಿದ, ಬೇರೆ ಯಾರದೋ ಕೈ ಎಂಬಂತೆ.

"ಅರೆಬೆಳಕಿಗಲ್ವಾ ಎರಡು? ನೀನು ಬೆಳಕಿತ್ತು ಅಂದ್ಯಂತಲ್ಲ."

ಒಂದು ದಾಳವನ್ನು ಬಟ್ಟಲಿಗೆ ಹಾಕಿದ. ಟಣ್ಣೆಂದಿತು.

"ಅದೊಂದೂ ಯಾಕೆ? ಮರೆಗೆ ಕಂಬ ಇಲ್ಲ, ಪೆಟ್ಟಿಗೆ ಇಲ್ಲ. ನನ್ನ ತಮ್ಮ ದಾರಿ ಮಧ್ಯೆ ಕೂತಿದ್ದಾನೆ. ಬೆಳಕಿದ್ರೆ ದಾಳ ಬೇಕಾ? ಬೆಳಕಿತ್ತು ಅಂದ್ರೆ ನಿನಗೆ ಕಂಡಿತ್ತು. ಕಂಡೂ ಬಂದೆ."

"ಕಂಡಿದ್ರೆ ಬರ್ತಿದ್ನಾ ತಂಗಿ!" ಮೇಜು ಅಲುಗುವಂತೆ ಕೂಗಿದ. ಆಮೇಲೆ ಅವನ ದನಿ ಕುಸಿಯಿತು. "ಕತ್ತಲಿತ್ತು. ಪೂರಾ ಅಲ್ಲ, ಪಕ್ಕದ ಸಾಲಿಂದ ಒಂಚೂರು ಬೀಳ್ತಿತ್ತು. ನೆಲದ ಹತ್ರ ಏನೋ ಮಿಣುಕಿತು. ಪೆಟ್ಟಿಗೆ ಕಟ್ಟೋ ಪ್ಲಾಸ್ಟಿಕ್ ಪಟ್ಟಿ ಬಿದ್ದಿದೆ ಅಂದ್ಕೊಂಡೆ. ದಿನಾ ಬಿದ್ದಿರ್ತಾವೆ."

ಮಿಣುಕಿದ್ದು ಪಟ್ಟಿಯಲ್ಲ. ಕತ್ತಲಲ್ಲಿ ನಂಬರು ಓದಲು ಕಡ್ಡಿ ಫೋನಿನ ಟಾರ್ಚ್ ಹಚ್ಚಿಕೊಂಡಿದ್ದ. ಕೈಯಲ್ಲಿ ಫೋನ್ ಇದ್ದದ್ದು ಅದಕ್ಕೆ.

"ಬೆಳಕು ಅವನ ಕೈಲಿತ್ತು," ಎಂದಳು ಅಕ್ಕ.

ಡ್ರೈವರಣ್ಣ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತ. ಗಂಡಸು ಹಾಗೆ ಅಳುವುದನ್ನು ನಾನು ಹತ್ತಿರದಿಂದ ನೋಡಿರಲಿಲ್ಲ. ಹೊಡೆಯಲೆಂದು ಬಂದ ಕೈಯಲ್ಲೇ ನೀರಿನ ಲೋಟ ಕೊಟ್ಟೆ.

"ನಾಳೆ ಅಲ್ಲಿ ಹೇಳ್ತೀಯಾ?" ಅಕ್ಕ ಕೇಳಿದಳು.

"ಹೇಳ್ತೀನಿ. ಮಕ್ಕಳಾಣೆಗೂ ಹೇಳ್ತೀನಿ."

ನಂಬಿದೆ. ಆ ರಾತ್ರಿ ನಿದ್ದೆಯೂ ಬಂತು ನನಗೆ, ಮೂರ್ಖನಿಗೆ.

ಸೋಮವಾರ ವಿಚಾರಣೆಯ ಕೋಣೆಯ ಹೊರಗೆ ಖಾಲಿ ತಳ್ಳುಗಾಡಿ ಹಿಡಿದು, ಏನೋ ಕೆಲಸ ಇರುವವನಂತೆ ನಿಂತಿದ್ದೆ. ಅವನು ಬೇಗನೇ ಹೊರಬಂದ. ಸತ್ಯ ಹೇಳುವುದು ಅಷ್ಟು ಬೇಗ ಮುಗಿಯುತ್ತದೆಯೇ ಎಂದು ಆಗಲೇ ಅನುಮಾನ ಬಂತು.

"ಹೇಳಿದ್ಯಾ?"

"ಮಾತು ಬದಲಾಯಿಸಿದ್ರೆ ನನ್ನ ಮೇಲೇ ಕೇಸ್ ಹಾಕ್ತಾರಂತೆ ಕಣೋ. ಗಾಡಿ ಬಿಟ್ರೆ ನನಗೆ ಬೇರೆ ಏನು ಬರುತ್ತೆ ಹೇಳು?" ಗೋಡೆ ನೋಡುತ್ತ ಹೇಳಿದ. "ಬೆಳಕಿತ್ತು ಅಂತ್ಲೇ ಅಂದೆ. ಹೋದವನು ಹೋದ. ನೀನಾದ್ರೂ ಅರ್ಥ ಮಾಡ್ಕೋ."

ನಾನು ಅರ್ಥ ಮಾಡಿಕೊಳ್ಳಲಿಲ್ಲ. ಅವನ ಕೊರಳಪಟ್ಟಿ ಹಿಡಿದೆ. ಅವನು ಕೈ ಎತ್ತಲೂ ಇಲ್ಲ, ತಪ್ಪಿಸಿಕೊಳ್ಳಲೂ ಇಲ್ಲ. ಕಾವಲಿನವರು ಓಡಿಬಂದು ನನ್ನನ್ನು ದರದರ ಎಳೆದುಕೊಂಡು ಹೋದರು. ಮೂರನೇ ಸಾಲಿನ ಪಕ್ಕದಿಂದಲೇ ಎಳೆದರು. ಅಲ್ಲಿ ಈಗ ಸೂಜಿ ಬಿದ್ದರೂ ಕಾಣುವಂಥ ಬೆಳಕು. ನಾಳೆಯಿಂದ ಬರಬೇಡ ಎಂದು ಸೂಪರ್‌ವೈಸರ್ ಗೇಟಿನಲ್ಲಿ ಹೇಳಿದ. ಆ ನಾಳೆ ಮಾತ್ರ ತಪ್ಪದೆ ಬಂತು.

ನೇರವಾಗಿ ಹೊಲಿಗೆ ಅಂಗಡಿಗೆ ಹೋದೆ. ಅಕ್ಕ ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಅಂಚು ಮಡಿಸುತ್ತಿದ್ದಳು. ನನ್ನ ಶರ್ಟಿನ ಹರಿದ ತೋಳು ನೋಡಿದಳು. ಹುಬ್ಬಿನಲ್ಲೇ ಕೇಳಿದಳು, ಏನಂದ?

"ಬೆಳಕಿತ್ತಂತೆ."

ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಮೆತ್ತೆಗೆ ಚುಚ್ಚಿದಳು. ಕೊನೆಯದನ್ನು ಚುಚ್ಚಿ ಹೇಳಿದಳು: "ಹಾಗಾದ್ರೆ ಕಂಡಿತ್ತು."

ಮತ್ತೆ ಭಾನುವಾರ ಬಂತು. ಬೇಕರಿಯೂ ನಾನೂ ಹೋದೆವು, ಬೇರೆ ಎಲ್ಲಿಗೆ ಹೋಗುವುದು? ಕರಿಬಟ್ಟೆಯ ಮೇಲೆ ಆ ಸಾಲು ಅಳಿಸದೆ ಹಾಗೇ ಇತ್ತು, ಹಸಿರು ಗುಂಡಿಯೂ. ಹಿತ್ತಾಳೆಯದು ಇರಲಿಲ್ಲ. ಅಕ್ಕ ಪಕ್ಕದ ಖಾಲಿ ಜಾಗದಲ್ಲಿ ಹೊಸ ಗುಹೆ ಬರೆಯತೊಡಗಿದಳು.

ತೆರೆದ ಬಾಗಿಲಲ್ಲಿ ಡ್ರೈವರಣ್ಣ ಬಂದು ನಿಂತ. ಕೈಯಲ್ಲಿ ಹಣ್ಣಿನ ಪೊಟ್ಟಣ. ಇಳಿಹೊತ್ತಿನ ಬಿಸಿಲು ಅವನ ಹಿಂದಿನಿಂದ ಒಳಗೆ ಬೀಳುತ್ತಿತ್ತು.

"ಅಕ್ಕಾ," ಎಂದ ಬೇಕರಿ ಮೆಲ್ಲಗೆ, "ಬಾಗಿಲಲ್ಲಿ..."

ಅಕ್ಕ ತಲೆಯೆತ್ತಿದಳು. ಬಾಗಿಲನ್ನು ನೋಡಿದಳು. ತುಂಬ ಹೊತ್ತು ನೋಡಿದಳು.

"ನನಗ್ಯಾರೂ ಕಾಣ್ತಿಲ್ಲ," ಎಂದಳು. "ಬೆಳಕು ಯಾರ ಕೈಲಿದೆ?"

ಬೇಕರಿ ಬಾಗಿಲಿಂದ ನಕ್ಷೆಯತ್ತ ತಿರುಗಿದ. "ನನ್ನ ಕೈಲಿ."

ಡ್ರೈವರಣ್ಣ ಕದಲಲಿಲ್ಲ. ಅವನ ನೆರಳು ಮೇಜಿನವರೆಗೂ ಚಾಚಿ ಹಸಿರು ಗುಂಡಿಯನ್ನು ಮುಚ್ಚಿತ್ತು. ಅಕ್ಕ ಅದನ್ನು ಬೆರಳ ತುದಿಯಿಂದ ಎರಡು ಚೌಕ ಈಚೆಗೆ ಸರಿಸಿ, ಬಿಸಿಲಿಗಿಟ್ಟು, ಬರೆಯುವುದನ್ನು ಮುಂದುವರಿಸಿದಳು.