ದೊಡ್ಡಮ್ಮ ಜೋಪಾನ ಮಾಡಿದ ಸೆನ್ಸರ್

ನನಗೆ ಸಿಟ್ಟು ಬರಿಸುವುದು ಬಹಳ ಸುಲಭ. "ಮನೆಯವರನ್ನೇ ಕೇಳಿದ್ದೀವಿ ಮೇಡಂ, ಎಲ್ಲರೂ ಉಪಯೋಗಿಸ್ತಾರಂತೆ" ಎಂದು ಯಾರಾದರೂ ಅಂದರೆ ಸಾಕು, ತಲೆ ಕೆಟ್ಟುಹೋಗುತ್ತದೆ. ಪುಕ್ಕಟೆ ಒಲೆ ಕೊಟ್ಟವರೇ ಮನೆ ಬಾಗಿಲಿಗೆ ಬಂದು ನಗುನಗುತ್ತಾ ಕೇಳಿದರೆ, ಮುಖಕ್ಕೆ ಹೊಡೆದ ಹಾಗೆ 'ಇಲ್ಲ' ಅನ್ನುವವರು ಯಾರಿದ್ದಾರೆ?

ವಿಷಯ ಇಷ್ಟೇ. ಒಂದು ಕಂಪನಿ ಕಡಿಮೆ ಸೌದೆ ಉರಿಸುವ ಒಲೆಗಳನ್ನು ಊರೂರಿಗೆ ಹಂಚುತ್ತದೆ. ಸೌದೆ ಉಳಿದಷ್ಟೂ ಹೊಗೆ ಕಡಿಮೆ. ಹೀಗೆ ಕಡಿಮೆಯಾದ ಹೊಗೆಯ ಲೆಕ್ಕವನ್ನು ಕಂಪನಿ ಕಾರ್ಬನ್ ಕ್ರೆಡಿಟ್ ಎಂದು ಎಲ್ಲೋ ಇರುವ ಕಾರ್ಖಾನೆಗೆ ಮಾರುತ್ತದೆ. ಕಾರ್ಖಾನೆ ಅಷ್ಟರಮಟ್ಟಿಗೆ ನಿಶ್ಚಿಂತೆಯಿಂದ ಹೊಗೆ ಬಿಡುತ್ತದೆ. ಒಲೆ ನಿಜವಾಗಿ ಉರಿದರೆ ಇದೆಲ್ಲ ಸರಿ. ಅದು ಅಟ್ಟ ಸೇರಿದ್ದರೆ ಮಾರಿದ್ದು ಬರೀ ಗಾಳಿ. ಹಾಗಾಗಿ ಬಾಯಿಮಾತು ಸಾಲದು, ಅಳೆದೇ ಕ್ರೆಡಿಟ್ ಕೊಡಬೇಕು ಎಂದು ನಿಯಮ ಬದಲಿಸುವುದಕ್ಕೆ ನಮ್ಮ ಪುಟ್ಟ ಸಂಸ್ಥೆ ವರ್ಷಗಳಿಂದ ಗುದ್ದಾಡುತ್ತಿತ್ತು.

ಔಷಧದ ಅಂಗಡಿಯ ಮೇಲಿನ ಎರಡು ಕೋಣೆಗಳೇ ನಮ್ಮ ಸಂಸ್ಥೆ. ನಮ್ಮ ಮುಖ್ಯಸ್ಥರಿಗೆ ನಾವಿಟ್ಟ ಹೆಸರು ದಶಮಾಂಶ. ಹಸಿವಾಗಿದೆಯಾ ಎಂದು ಕೇಳಿದರೂ ಚುಕ್ಕಿ ಹಾಕಿ ಮುಂದೆರಡು ಅಂಕಿ ಸೇರಿಸಿ ಹೇಳುವ ಮನುಷ್ಯ. ಆಯ್ದ ಮನೆಗಳ ಒಲೆಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಸೆನ್ಸರ್ ಅಂಟಿಸಿ, ಯಾವಾಗ ಬಿಸಿಯಾಯಿತು, ಎಷ್ಟು ಹೊತ್ತು ಉರಿಯಿತು ಎಂದು ಅಳೆದಿದ್ದೆವು. ಲೆಕ್ಕ ಮಾಡಿದವಳು ನಾನು. ಅರ್ಧಕ್ಕರ್ಧ ಒಲೆಗಳು ತಣ್ಣಗೆ ಕೂತಿದ್ದವು! ದಶಮಾಂಶ ಕುರ್ಚಿಯಿಂದ ಎದ್ದು ಕುಣಿಯುವುದೊಂದು ಬಾಕಿ. ವರದಿ ಅಚ್ಚಾಗಿ, ನಿಯಮ ರೂಪಿಸುವ ಸಮಿತಿಯವರ ಕೈಗೂ ಸೇರಿತು. ಸಮಿತಿ ಎರಡೂ ಕಡೆಯವರ ಮಾತು ಕೇಳುವ ವಿಚಾರಣೆಗೆ ಇನ್ನು ಎರಡು ವಾರವಿತ್ತು. ಸೆನ್ಸರ್‌ಗಳನ್ನು ಮನೆಗಳಿಂದ ಇನ್ನೂ ವಾಪಸ್ ತಂದಿರಲಿಲ್ಲ.

ಆ ಭಾನುವಾರ ದೊಡ್ಡಮ್ಮನ ಮನೆಗೆ ಹೋದೆ. ಅವಳ ಊರು ನಮ್ಮ ಅಧ್ಯಯನದಲ್ಲಿತ್ತು ಎಂಬುದು ಗೊತ್ತಿತ್ತು. ಮನೆಗಳಿಗೆ ನಮ್ಮಲ್ಲಿ ನಂಬರ್ ಮಾತ್ರ ಇರುವುದರಿಂದ ಅವಳದೂ ಸೇರಿದೆಯೆಂದು ಗೊತ್ತಿರಲಿಲ್ಲ. ಅಡುಗೆಮನೆಯಲ್ಲಿ ಹೊಸ ಒಲೆ ಧಗಧಗ ಉರಿಯುತ್ತಿತ್ತು, ಮೇಲೆ ಕಾಳು ಕುದಿಯುತ್ತಿತ್ತು. ಅದರ ಬದಿಯಲ್ಲಿ ನಮ್ಮ ಸೆನ್ಸರಿನ ಅಂಟಿನ ಗುರುತಿತ್ತು, ಸೆನ್ಸರ್ ಮಾತ್ರ ಇರಲಿಲ್ಲ.

"ದೊಡ್ಡಮ್ಮ, ಇಲ್ಲಿ ಒಂದು ಪುಟ್ಟ ಡಬ್ಬಿ ಇತ್ತಲ್ವಾ?"

"ಅಯ್ಯೋ, ಅದು ನಿಮ್ಮದೇನೇ?" ಎಂದು ಅವಳು ಸೆರಗಿಗೆ ಕೈ ಒರೆಸಿಕೊಂಡು, ಶೆಲ್ಫಿನ ಮೇಲಿಂದ ಮಡಿಸಿದ ಬಟ್ಟೆಯೊಂದನ್ನು ಇಳಿಸಿದಳು. ಒಳಗೆ ಸೆನ್ಸರ್, ಮಸಿಯ ಒಂದು ಚುಕ್ಕೆಯೂ ಇಲ್ಲ. "ನೋಡು, ಹೊಸದರ ಹಾಗಿದೆ. ಬೆಂಕಿ ಹಚ್ಚೋ ಮುಂಚೆ ತೆಗೆದಿಡ್ತೀನಿ, ಒಲೆ ಆರಿದ ಮೇಲೆ ವಾಪಸ್ ಅಂಟಿಸ್ತೀನಿ. ಒಂದು ದಿನಾನೂ ತಪ್ಪಿಸಿಲ್ಲ."

ನಾನು ಸೆನ್ಸರನ್ನು ಕೈಗೆತ್ತಿಕೊಂಡೆ. "ಯಾಕೆ ತೆಗೀತೀಯಾ?"

"ಅಂಟಿಸೋಕೆ ಬಂದವರೇ ಹೇಳಿದ್ರಲ್ಲ, ಸೂಕ್ಷ್ಮ ಸಾಮಾನು, ಜೋಪಾನ ಅಂತ. ಬೆಂಕಿ ಪಕ್ಕ ಬಿಡೋದು ಜೋಪಾನಾನಾ? ಪಾಪ, ಅಕ್ಕಪಕ್ಕದವರಿಗೆ ತಿಳೀತಿರಲಿಲ್ಲ. ಬೀದಿಗೆಲ್ಲ ನಾನೇ ಹೇಳಿಕೊಟ್ಟೆ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. 'ಜೋಪಾನ ಅಂತ ಹೇಳಿ' ಎಂದು ಸೆನ್ಸರ್ ಅಂಟಿಸಲು ಹೋದ ನಮ್ಮ ಹುಡುಗರಿಗೆ ಹೇಳಿಕೊಟ್ಟವಳು ನಾನೇ. ನಾನು ತಣ್ಣಗಿವೆ ಎಂದು ಕುಣಿದಾಡಿದ ಒಲೆಗಳಲ್ಲಿ ದಿನಕ್ಕೆ ಮೂರು ಹೊತ್ತು ಬೇಯುತ್ತಿತ್ತು. ವಿಷಯ ಬಿಡಿಸಿ ಹೇಳಿದೆ. ದೊಡ್ಡಮ್ಮನ ಮುಖ ಚಿಕ್ಕದಾಯಿತು.

"ಅಂದ್ರೆ ನಾವು ಒಲೆ ಇಸ್ಕೊಂಡು ಮೂಲೆಗೆ ಹಾಕಿದೀವಿ ಅಂತ ಬರೆದುಬಿಟ್ರಾ?" ಎಂದಳು.

ಆ ಮಾತು ನನಗೆ ಚುಚ್ಚಿತು. ಕಂಪನಿಯವರು ಜನರ ಬಾಯಲ್ಲಿ ಸುಳ್ಳು ಹೇಳಿಸಿದರೆ, ನಾನು ಜನರ ಮೇಲೆಯೇ ಸುಳ್ಳು ಹೇಳಿದ್ದೆ.

ಮರುದಿನ ದಶಮಾಂಶರಿಗೆ ಹೇಳಿದಾಗ ಅವರು ಮುಂದಿದ್ದ ವರದಿಯನ್ನು ಮುಚ್ಚಿಟ್ಟರು. "ನಾವೇ ಬಾಯಿಬಿಟ್ರೆ ಕಂಪನಿಯವರು ನಮ್ಮನ್ನ ಹರಿದು ಹಾಕ್ತಾರೆ. ಅಳೆಯೋ ಮಾತು ಇನ್ನು ಯಾರೂ ಎತ್ತಲ್ಲ" ಎಂದರು. ನಂತರ ಚಪ್ಪಲಿ ಮೆಟ್ಟಿಕೊಂಡರು. "ಏಳು. ಮನೆ ಮನೆಗೆ ಹೋಗೋಣ."

ಕಚೇರಿಗೆ ಬೀಗ ಹಾಕಿ ಎಲ್ಲರೂ ಕಾಲಿಗೆ ಚಕ್ರ ಕಟ್ಟಿಕೊಂಡವರ ಹಾಗೆ ಅಲೆದೆವು. ಬೇರೆ ಕಡೆಗಳಲ್ಲೂ ಎಷ್ಟೋ ಮನೆಯವರು ಜೋಪಾನದ ಮಾತು ಕೇಳಿ ಅದನ್ನೇ ಮಾಡಿದ್ದರು. "ಸುಟ್ಟರೆ ಸುಡಲಿ ಅಕ್ಕಾ, ತೆಗೀಬೇಡಿ" ಎಂದು ಬೇಡಿಕೊಂಡೆವು. ಮತ್ತೆ ಅಳೆದಾಗ ತಣ್ಣಗಿದ್ದದ್ದು ನಾಲ್ಕರಲ್ಲಿ ಒಂದು ಒಲೆ ಮಾತ್ರ. ಕಂಪನಿ ಹೇಳಿದಷ್ಟು ಚೆನ್ನಾಗಿಯೂ ಇರಲಿಲ್ಲ, ನಾನು ಬರೆದಷ್ಟು ಕೆಟ್ಟದಾಗಿಯೂ ಇರಲಿಲ್ಲ.

ವಿಚಾರಣೆಯ ದಿನ ಮೊದಲು ಎದ್ದವಳು ನಾನು. "ನಿಮ್ಮ ಮುಂದಿರೋ ವರದಿಯ ಮುಖ್ಯ ಸಂಖ್ಯೆ ತಪ್ಪು. ತಪ್ಪು ನನ್ನದು" ಎಂದು ಶುರುಮಾಡಿ, ಬಟ್ಟೆ, ಶೆಲ್ಫು, ಬೀದಿ, ಕೊನೆಗೆ ಹೊಸ ಸಂಖ್ಯೆ, ಎಲ್ಲವನ್ನೂ ಒಪ್ಪಿಸಿದೆ. ಸಭೆ ಗೊಳ್ಳೆಂದು ನಕ್ಕಿತು. ಹೊಟ್ಟೆ ಹಿಡಿದುಕೊಂಡು ನಕ್ಕವನು ಕಂಪನಿಯ ಸಲಹೆಗಾರ. ಅವನು ಕೋಟು ಸರಿಮಾಡಿಕೊಂಡು ಎದ್ದ.

"ನೋಡಿದ್ರಲ್ಲ, ಇದು ಅಳೆಯೋರ ಹಣೆಬರಹ. ನಮ್ಮ ಲೆಕ್ಕ ಇಷ್ಟು ವರ್ಷದಲ್ಲಿ ಒಂದು ಸಲಾನೂ ತಪ್ಪಿಲ್ಲ."

ಸಮಿತಿಯ ಅಧ್ಯಕ್ಷೆ ಕನ್ನಡಕ ತೆಗೆದರು. "ತಪ್ಪಿದ್ದರೆ ನಿಮಗೆ ಹೇಗೆ ಗೊತ್ತಾಗ್ತಿತ್ತು?"

"ಅಂದ್ರೆ?"

"ಇವರು ಹೋಗಿ ನೋಡಿದ್ರು, ತಪ್ಪು ಸಿಕ್ತು, ತಿದ್ದಿಕೊಂಡ್ರು. ನೀವು ಯಾವತ್ತು ಹೋಗಿ ನೋಡಿದ್ರಿ?"

"ನಾವು ಮನೆಯವರನ್ನೇ ಕೇಳ್ತೀವಿ ಮೇಡಂ."

"ಯಾರಾದ್ರೂ 'ಇಲ್ಲ' ಅಂದಿದಾರಾ?"

ಅವನು ಕೋಟಿನ ಗುಂಡಿ ಬಿಚ್ಚಿಕೊಂಡು ಕೂತುಬಿಟ್ಟ. ನನಗೆ ಎಷ್ಟು ಖುಷಿಯಾಯಿತೆಂದರೆ, ಎದ್ದು ಸಿಳ್ಳೆ ಹೊಡೆಯದಂತೆ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕಾಯಿತು.

ಸಂಜೆಯ ಹೊತ್ತಿಗೆ ತಿದ್ದುಪಡಿಗೆ ಒಪ್ಪಿಗೆ ಸಿಕ್ಕಿತು. ಇನ್ನು ಮುಂದೆ ಅಳೆಯದೆ ಕ್ರೆಡಿಟ್ ಇಲ್ಲ. ಸಮಿತಿಯ ಕಾರ್ಯದರ್ಶಿ ಕರಡನ್ನು ಗಂಟಲು ಸರಿಮಾಡಿಕೊಂಡು ಓದಿದರು. ನಾನು ಕಿವಿ ನಿಮಿರಿಸಿ ಕೂತೆ. ಅಷ್ಟು ವರ್ಷಗಳ ನಮ್ಮ ನಕ್ಷೆಗಳಲ್ಲಿ, ಸೂತ್ರಗಳಲ್ಲಿ ಯಾವುದು ನಿಯಮದೊಳಗೆ ಸೇರಿರಬಹುದು ಎಂಬ ಆಸೆ. ಒಂದೂ ಸೇರಿರಲಿಲ್ಲ. ಆಮೇಲೆ ಅವರು ಕೊನೆಯ ಸಾಲು ಓದಿದರು: "ಬೆಂಕಿ ಹಚ್ಚುವ ಮುನ್ನ ಸೆನ್ಸರನ್ನು ತೆಗೆದಿಡಬಾರದೆಂದೂ, ಅದು ಸುಟ್ಟುಹೋದರೆ ಮನೆಯವರು ಹೊಣೆಯಲ್ಲವೆಂದೂ ಅವರಿಗೆ ಮೊದಲೇ ತಿಳಿಸತಕ್ಕದ್ದು."

ದಶಮಾಂಶ ನನ್ನ ಕಡೆ ಬಾಗಿ, "ನೂರಕ್ಕೆ ನೂರು ನಿಮ್ಮ ದೊಡ್ಡಮ್ಮನ ಸಾಲು" ಎಂದರು. ಚುಕ್ಕಿ ಹಾಕಲಿಲ್ಲ.