ಬೀಳೋದು: ದಿನಕ್ಕೆ ಎರಡು ಸಲ

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಗೇಮ್ ಪೆಟ್ಟಿಗೆ ಮೊದಲ ಸಲ ಡಿಸ್ಕನ್ನು ಹೊರಗೆ ತಳ್ಳಿತು. ಟಿವಿಯ ಮೇಲೆ ‘ಈ ಡಿಸ್ಕನ್ನು ಓದಲಾಗುತ್ತಿಲ್ಲ’ ಎಂಬ ಸಾಲು ಮೂಡಿತು. ಸ್ಪ್ಯಾನರ್ ಅದನ್ನು ಒರೆಸಿ ಮತ್ತೆ ಹಾಕಿದಳು. ಪೆಟ್ಟಿಗೆ ಅರೆನಿಮಿಷ ಗುರುಗುಟ್ಟಿ, ಮಗು ಔಷಧಿ ಉಗುಳುವ ಹಾಗೆ ಮತ್ತೆ ಉಗುಳಿತು.

“ಬಿಡೇ, ಅದಕ್ಕೂ ಬೇಡವಂತೆ,” ಅಂದಳು ಸೋಫಾದಲ್ಲಿ ಕೂತಿದ್ದ ಅಕ್ಕ.

“ಅದಕ್ಕೆ ಬೇಕಾ ಬೇಡ್ವಾ ಅಂತ ಯಾರು ಕೇಳಿದ್ರು? ನನಗೆ ಬೇಕು.”

ಸ್ಪ್ಯಾನರ್ ಅನ್ನುವುದು ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರೇನೂ ಅಲ್ಲ. ಹದಿನಾರು ವರ್ಷ ಲಿಫ್ಟ್ ರಿಪೇರಿ ಮಾಡಿದ್ದಕ್ಕೆ ಜೊತೆಯವರು ಕೊಟ್ಟ ಬಿರುದು. ಈಗ ಅಕ್ಕನೂ ಹಾಗೆಯೇ ಕರೆಯುತ್ತಿದ್ದಳು. ಕೆಲಸದಲ್ಲಿ ಅವಳದ್ದು ಒಂದೇ ನಿಯಮ: ಒಂದು ಸಲಕ್ಕೆ ಒಂದೇ ಬದಲಾವಣೆ. ಒಂದನ್ನು ಬದಲಿಸು, ಓಡಿಸಿ ನೋಡು, ಬರೆದಿಡು. ಎರಡು ಭಾಗಗಳನ್ನು ಒಟ್ಟಿಗೆ ಬದಲಿಸಿ ‘ಸರಿ ಹೋಯ್ತು’ ಎಂದು ಹಲ್ಲು ಕಿರಿಯುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಹಾಗಾಗಿ ಈಗಲೂ ಜೇಬಿನಿಂದ ಎಣ್ಣೆಗಲೆಯ ನೋಟ್‌ಬುಕ್ ತೆಗೆದು ‘1. ಒರೆಸಿದ್ದು. ಇಲ್ಲ.’ ಎಂದು ಬರೆದಳು.

ಇದೆಲ್ಲ ಶುರುವಾಗಿದ್ದು ಅಕ್ಕನ ಕೈಯಿಂದ. ಅಕ್ಕ ಕ್ರೇನ್ ಓಡಿಸುವವಳು. ಹಡಗಿನಿಂದ ಮನೆಯಷ್ಟು ದೊಡ್ಡ ಪೆಟ್ಟಿಗೆಗಳನ್ನು ಎತ್ತಿ, ಕೆಳಗೆ ನಿಂತವನ ಟೋಪಿಯೂ ಅಲುಗದ ಹಾಗೆ ಇಳಿಸುತ್ತಿದ್ದಳು. ಅದೂ ಎಡಗೈಯಲ್ಲಿ, ಏಕೆಂದರೆ ಅವಳು ಹುಟ್ಟಾ ಎಡಚಿ. ಎರಡು ತಿಂಗಳ ಹಿಂದೆ ಬಚ್ಚಲಿನಲ್ಲಿ ಕುಸಿದಳು. ಮಿದುಳಿಗೆ ರಕ್ತ ಹೋಗುವುದು ನಿಂತು ಎಡಭಾಗದ ಸ್ವಾಧೀನ ತಪ್ಪಿತ್ತು. ಮಾತು ಮರಳಿತು, ಕಾಲು ಮರಳಿತು. ಕೈಕೊಟ್ಟಿದ್ದು ಕೈ ಮಾತ್ರ. ಇನ್ನು ಆರು ವಾರಕ್ಕೆ ಕೆಲಸದ ಕಡೆಯವರ ಪರೀಕ್ಷೆ. ಎಡಗೈ ಲಿವರ್ ಹಿಡಿದರೆ ಕ್ರೇನ್, ಇಲ್ಲದಿದ್ದರೆ ಗೇಟಿನಲ್ಲಿ ಕೂತು ಲಾರಿಗಳ ನಂಬರ್ ಬರೆಯುವುದು. ಅದೂ ಬಲಗೈಯಲ್ಲಿ.

ಅವಳು ಆ ದಿನದ ಬಗ್ಗೆ ಮಾತನಾಡುತ್ತಿರಲಿಲ್ಲ. ‘ಬಿದ್ದೆ’ ಎಂಬ ಪದವನ್ನೇ ಬಾಯಿಂದ ತೆಗೆದುಹಾಕಿದ್ದಳು. ಅಗತ್ಯ ಬಿದ್ದರೆ ‘ಆ ದಿನ’ ಅನ್ನುತ್ತಿದ್ದಳು, ಅಷ್ಟೇ. ಫಿಸಿಯೋ ಮೇಡಂ ವಾರಕ್ಕೆ ಮೂರು ಸಲ ಬಂದು ಗೋಡೆಗೆ ವ್ಯಾಯಾಮದ ಪಟ್ಟಿ ಅಂಟಿಸಿ, ರಬ್ಬರ್ ಚೆಂಡು ಕೊಟ್ಟು ಹೋಗುತ್ತಿದ್ದರು. ಅಕ್ಕ ಚೆಂಡಿಗೆ ಸೊಪ್ಪು ಹಾಕಲಿಲ್ಲ. “ನಾಯಿಗೆ ಕೊಡಿ, ಆಡುತ್ತೆ,” ಎಂದುಬಿಟ್ಟಳು.

ಮೇಡಂ ಹೋಗುವಾಗ ಬಾಗಿಲ ಹತ್ತಿರ ಸ್ಪ್ಯಾನರ್‌ಗೆ ಹೇಳಿದರು: “ಕೈಗೆ ಶಕ್ತಿ ಇಲ್ಲ ಅಂತಲ್ಲ. ಅವರಿಗೆ ಮನಸ್ಸಿಲ್ಲ. ಅವರೇ ಬೇಕು ಅಂತ ಮಾಡೋ ಕೆಲಸ ಒಂದು ಹುಡುಕಿ. ಬೇಗ ಹುಡುಕಿ.”

ಆ ಸಂಜೆ ಅಕ್ಕ ಟಿವಿಯ ಚಾನೆಲ್ ತಿರುಗಿಸುತ್ತ ಸುಮ್ಮನೆ ಒಂದು ಮಾತು ಅಂದಳು. “ಬೀಳೋದು ಇದ್ದಿದ್ರೆ ಆಡ್ತಿದ್ದೆ ನೋಡು.”

ಬೀಳೋದು ಅಂದರೆ ಅವರು ಚಿಕ್ಕವರಿದ್ದಾಗ ಆಡುತ್ತಿದ್ದ ವಿಡಿಯೋ ಗೇಮ್. ತಳವಿಲ್ಲದ ಬಾವಿಯೊಳಗೆ ಕೆಂಪು ಟೋಪಿಯ ಗುಂಡ ಬೀಳುತ್ತಾ ಹೋಗುತ್ತಾನೆ; ಅವನನ್ನು ಎಡಕ್ಕೆ ಬಲಕ್ಕೆ ಸರಿಸಿ ಕಲ್ಲಿನ ಮೆಟ್ಟಿಲುಗಳ ಮೇಲೆ ಇಳಿಸಬೇಕು. ಸರಿಸುವುದು ಎಡಗೈ ಹೆಬ್ಬೆರಳಿನಿಂದ. ಸ್ಪ್ಯಾನರ್ ಎದ್ದು ಹೋಗಿ ಅಟ್ಟದಿಂದ ತಗಡಿನ ಡಬ್ಬ ಇಳಿಸಿದಳು. ಹಳೆಯ ಪೆಟ್ಟಿಗೆ ಯಾವ ಕಾಲದಲ್ಲೋ ಗುಜರಿ ಸೇರಿತ್ತು, ಆದರೆ ಡಿಸ್ಕುಗಳಿದ್ದವು. ಅದೇ ಕಂಪನಿಯ ಹೊಸ ಪೆಟ್ಟಿಗೆಯನ್ನು ಜೊತೆಗೆ ಕೆಲಸ ಮಾಡುವವನೊಬ್ಬ ಭಾನುವಾರದವರೆಗೆ ಎಂದು ಕೊಟ್ಟ. ಹಳೆಯ ಆಟಗಳು ಇದರಲ್ಲಿ ಓಡುತ್ತವೆ ಎಂದೂ ಹೇಳಿದ. ‘ಬಹುತೇಕ’ ಎಂದು ಆಮೇಲೆ ಸೇರಿಸಿದ.

ಮಂಗಳವಾರ ಅವಳು ಪೆಟ್ಟಿಗೆಗೆ ಹೊಸ ಅಪ್‌ಡೇಟ್ ಹಾಕಿದಳು. ಇಲ್ಲ. ಟಿವಿಯ ವೈರ್ ಬದಲಿಸಿದಳು. ಇಲ್ಲ. ಚಿತ್ರದ ಸೆಟ್ಟಿಂಗನ್ನು ಹಳೆಯ ಟಿವಿಗಳ ಲೆಕ್ಕಕ್ಕೆ ಇಳಿಸಿದಳು. ಇಲ್ಲ. ಬೀಳೋದು ತೆಗೆದಿಟ್ಟು, ಡಬ್ಬದಲ್ಲಿದ್ದ ಇನ್ನೊಂದು ಆಟ, ಓಡೋದು, ಹಾಕಿ ನೋಡಿದಳು. ಅದನ್ನೂ ಉಗುಳಿತು. ನೋಟ್‌ಬುಕ್ಕಿನಲ್ಲಿ ಒಂದರ ಕೆಳಗೊಂದು ‘ಇಲ್ಲ’ ಸಾಲುಗಟ್ಟಿ ನಿಂತವು. ಅಕ್ಕ ಇದನ್ನೆಲ್ಲ ಕಣ್ಣಂಚಿನಲ್ಲಿ ನೋಡುತ್ತ, ನೋಡುತ್ತಿಲ್ಲ ಎಂಬ ಮುಖ ಮಾಡಿಕೊಂಡು ಕೂತಿದ್ದಳು.

ಬುಧವಾರ ಸ್ಪ್ಯಾನರ್ ಹಳೆಯ ಗೇಮುಗಳ ಅಂಗಡಿಗೆ ಹೋದಳು. ಅಂಗಡಿಯವನು ಹಳೆಯ ಆಟಗಳಲ್ಲಿ ಯಾವುದು ಓಡುತ್ತದೆ, ಯಾವುದು ಓಡುವುದಿಲ್ಲ ಎಂಬ ಉದ್ದನೆಯ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ತೆರೆದ.

“ಆಟದ ಹೆಸರು ಹೇಳಿ ಮೇಡಂ.”

“ಬೀಳೋದು.”

“ಅದು ಆಟ. ಹೆಸರು?”

“ಅದೇ ಹೆಸರು.”

“ಕಂಪನಿಯವರು ಇಟ್ಟಿದ್ದು?”

ಸ್ಪ್ಯಾನರ್ ಯೋಚಿಸಿದಳು. ಇಪ್ಪತ್ತೈದು ವರ್ಷ ಆ ಆಟವನ್ನು ಬಲ್ಲಳು, ಹೆಸರು ಗೊತ್ತಿಲ್ಲ. ಕವರ್ ಕಳೆದುಹೋಗಿ ಎಷ್ಟೋ ಕಾಲವಾಗಿತ್ತು. “ಕೆಂಪು ಟೋಪಿ ಗುಂಡ,” ಅಂದಳು, ಸ್ವಲ್ಪ ನಾಚಿಕೊಂಡೇ.

ಅಂಗಡಿಯವನು ಪಟ್ಟಿ ಮುಚ್ಚಿದ. “ಕೆಂಪು ಟೋಪಿಯವರು ಮುನ್ನೂರು ಜನ ಇದ್ದಾರೆ.”

ಆದರೂ ಅವಳು ಬರಿಗೈಯಲ್ಲಿ ಬರಲಿಲ್ಲ. ಅದೇ ಕಾಲದ, ಚೆನ್ನಾಗಿ ಓಡುತ್ತದೆ ಎಂದು ಅವನೇ ಖಾತ್ರಿ ಕೊಟ್ಟ ಒಂದು ಡಿಸ್ಕನ್ನು ಎರವಲು ತಂದಳು. ಲಿಫ್ಟಿನ ಕೆಲಸದಲ್ಲಿಯೂ ಅಷ್ಟೆ: ಕೆಟ್ಟದ್ದು ಯಾವುದೆಂದು ತಿಳಿಯದಿದ್ದರೆ, ಕೆಡದೆ ಇರುವುದನ್ನು ತಂದು ಪಕ್ಕದಲ್ಲಿಡಬೇಕು. ಮನೆಗೆ ಬಂದವಳೇ ಅದನ್ನು ಹಾಕಿದಳು. ಪೆಟ್ಟಿಗೆ ಮರುಮಾತಿಲ್ಲದೆ ನುಂಗಿಕೊಂಡು ಸಂಗೀತ ಶುರು ಮಾಡಿತು.

“ಅಂದ್ರೆ ಪೆಟ್ಟಿಗೆ ಸರಿ ಇದೆ,” ಅಂದಳು ಸ್ಪ್ಯಾನರ್. “ನಮ್ಮ ಡಿಸ್ಕಲ್ಲೇ ಏನೋ ಎಡವಟ್ಟು.”

“ನಮ್ಮನೇದು ಯಾವುದು ನೆಟ್ಟಗಿದೆ ಹೇಳು,” ಅಂದಳು ಅಕ್ಕ.

ಸ್ಪ್ಯಾನರ್ ಮತ್ತೆ ಬೀಳೋದು ಹಾಕಿದಳು. ಈ ಸಲ ಟಿವಿ ನೋಡಲಿಲ್ಲ. ಮೋಟಾರಿನ ಮೇಲೆ ಇಡುವ ಹಾಗೆ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದಳು. ಡಿಸ್ಕು ಮೆಲ್ಲಗೆ ತಿರುಗತೊಡಗಿತು, ವೇಗ ಏರಿತು, ಏರುತ್ತಿದ್ದ ಹಾಗೆ ಅಂಗೈಗೆ ನಡುಕ ಬಂತು. ತಕ್ಷಣ ಪೆಟ್ಟಿಗೆ ನಿಂತು ಉಗುಳಿತು. ಈ ನಡುಕ ಅವಳಿಗೆ ಗೊತ್ತಿತ್ತು. ಲಿಫ್ಟಿನ ಹಗ್ಗ ಎಳೆಯುವ ದೊಡ್ಡ ರಾಟೆ ಒಂದು ಪಕ್ಕಕ್ಕೆ ಭಾರವಾದರೆ ಹೀಗೆಯೇ ನಡುಗುತ್ತದೆ.

ಡಿಸ್ಕನ್ನು ಕೈಗೆತ್ತಿಕೊಂಡು ತಿರುಗಿಸಿದಳು. ಒಂದು ಪಕ್ಕಕ್ಕೆ ಭಾರವಾಗುವಂಥದ್ದು ಏನಿದೆ ಇದರಲ್ಲಿ? ಆಗ ಕಂಡಿತು. ಎರಡು ದಿನದಿಂದ ನಲವತ್ತು ಸಲ ಹಿಡಿದು ನೋಡಿದ್ದಳು, ಕಂಡಿರಲಿಲ್ಲ. ಅಮ್ಮನ ಚೀಟಿ.

ಬೇರೆ ಯಾವ ಮನೆಯವರಾಗಿದ್ದರೂ ಮೊದಲ ದಿನವೇ ಹಿಡಿಯುತ್ತಿದ್ದರು. ಆದರೆ ಈ ಮನೆಯಲ್ಲಿ ಚೀಟಿ ಅನ್ನುವುದು ಕಣ್ಣಿಗೆ ಬೀಳುವ ವಸ್ತುವೇ ಆಗಿರಲಿಲ್ಲ. ಅಮ್ಮ ಮೂವತ್ತು ವರ್ಷ ಔಷಧದ ಅಂಗಡಿಯಲ್ಲಿ ಬಾಟಲಿಗಳಿಗೆ ಚೀಟಿ ಅಂಟಿಸಿದವಳು, ಮನೆಗೆ ಬಂದ ಮೇಲೂ ಕೈ ನಿಲ್ಲುತ್ತಿರಲಿಲ್ಲ. ಸಕ್ಕರೆ ಡಬ್ಬದ ಮೇಲೆ ‘ಸಕ್ಕರೆ, ಉಪ್ಪಲ್ಲ’. ಟಾರ್ಚಿನ ಮೇಲೆ ‘ಆರಿಸಿ ಇಡುವುದು’. ಆಟದ ಡಿಸ್ಕುಗಳಿಗೂ ಬಾಟಲಿಯ ದಪ್ಪ ಚೀಟಿಗಳನ್ನೇ, ನಡುವಿನ ತೂತಿನ ಒಂದು ಪಕ್ಕಕ್ಕೆ, ಅಚ್ಚಾದ ಹೆಸರಿನ ಮೇಲೆಯೇ ಅಂಟಿಸಿದ್ದಳು. ‘ಬೀಳೋದು. ದಿನಕ್ಕೆ ಎರಡು ಸಲ. ಊಟದ ನಂತರ.’ ಹಳೆಯ ಪೆಟ್ಟಿಗೆ ನಿಧಾನಕ್ಕೆ ತಿರುಗಿಸುತ್ತಿತ್ತು, ಸಹಿಸಿಕೊಂಡಿತ್ತು. ಹೊಸದು ಅವಸರದ್ದು.

“ಚೀಟಿ ಕೀಳಬೇಕು,” ಅಂದಳು ಸ್ಪ್ಯಾನರ್.

ಅಕ್ಕ ಈಗ ಟಿವಿ ಬಿಟ್ಟು ಇತ್ತ ತಿರುಗಿದಳು. “ಅದು ಅಮ್ಮನ ಅಕ್ಷರ.”

“ಗೊತ್ತು ಕಣೇ.”

“ಡಬ್ಬಗಳ ಮೇಲಿದ್ದದ್ದೆಲ್ಲ ತೊಳೆದು ತೊಳೆದು ಹೋಯ್ತು. ಈ ಡಿಸ್ಕುಗಳ ಮೇಲಿರೋದಷ್ಟೇ ಉಳಿದಿದೆ. ಮುಟ್ಟಬೇಡ.”

ಅಮ್ಮ ಹೋಗಿ ನಾಲ್ಕು ವರ್ಷವಾಗಿತ್ತು. ಆದರೂ ಸ್ಪ್ಯಾನರ್ ಪಟ್ಟು ಸಡಿಲಿಸಲಿಲ್ಲ. “ಅಮ್ಮನ ಅಕ್ಷರ ಬೇಕು, ನಿನ್ನ ಕೈ ಬೇಡ್ವಾ? ಗೇಟಲ್ಲಿ ಕೂತು ಲಾರಿ ನಂಬರ್ ಬರೀತೀಯಾ?”

ಅಕ್ಕ ಮುಖ ಊದಿಸಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಗುರುವಾರ ಸ್ಪ್ಯಾನರ್ ಬೀಳೋದನ್ನು ಮುಟ್ಟಲಿಲ್ಲ. ಮೊದಲು ಓಡೋದರ ಮೇಲೆ ಕೈ ಪಳಗಿಸಿಕೊಳ್ಳೋಣ ಎಂದು ಅದರ ಚೀಟಿಗೆ ಕೂದಲು ಒಣಗಿಸುವ ಡ್ರೈಯರ್‌ನ ಬಿಸಿಗಾಳಿ ಹಿಡಿದು, ಉಗುರು ಹಾಕಿ ಎಳೆದಳು. ಚೀಟಿ ನಡುವೆ ಹರಿಯಿತು. ಅಷ್ಟೇ ಆಗಿದ್ದರೆ ಸರಿ. ಅದರ ಜೊತೆಗೆ ಡಿಸ್ಕಿನ ಬೆಳ್ಳಿ ಬಣ್ಣದ ಪದರವೂ ಬೆರಳಗಲ ಕಿತ್ತು ಬಂತು. ಆಟವಿರುವುದೇ ಆ ಪದರದಲ್ಲಿ. ಬೆಳಕಿಗೆ ಹಿಡಿದರೆ ಕಿತ್ತ ಜಾಗದಾಚೆ ಕಿಟಕಿ ಕಾಣುತ್ತಿತ್ತು. ಅಂದರೆ ಕೈ ತಪ್ಪಿದರೆ ಅಮ್ಮನ ಅಕ್ಷರವೂ ಹೋಗುತ್ತದೆ, ಆಟವೂ ಹೋಗುತ್ತದೆ, ಅದರ ಜೊತೆ ಅಕ್ಕನ ಮನಸ್ಸೂ.

“ಕೊಂದ್ಯಾ?” ಅಕ್ಕ ಬಾಗಿಲಲ್ಲಿ ನಿಂತಿದ್ದಳು.

“ಕೊಂದೆ.”

ಅಕ್ಕ ಬಂದು ಹರಿದ ಚೀಟಿಯನ್ನೂ ಪದರ ಕಿತ್ತ ಡಿಸ್ಕನ್ನೂ ನೋಡಿದಳು. “ಬೋಲ್ಟು ಬಿಚ್ಚೋ ಹಾಗೆ ಎಳೆದಿದ್ದೀಯ. ಇದನ್ನ ಎಳೀಬಾರದು, ತಾನಾಗೇ ಬರೋ ಹಾಗೆ ಬಿಡಬೇಕು.” ಕುರ್ಚಿ ಎಳೆದುಕೊಂಡು ಮೇಜಿಗೆ ಕೂತಳು. “ಕೊಡಿಲ್ಲಿ ಬೀಳೋದು. ನಿನ್ನದು ಸ್ಪ್ಯಾನರ್ ಕೈ. ನೀನು ಗಾಳಿ ಹಿಡಿ.”

ಸ್ಪ್ಯಾನರ್ ಡ್ರೈಯರ್ ಹಿಡಿದಳು. ಅಕ್ಕ ಬಲಗೈಯಿಂದ ಡಿಸ್ಕನ್ನು ಮೇಜಿಗೆ ಒತ್ತಿದಳು. ಸೂಕ್ಷ್ಮದ ಕೆಲಸವನ್ನು ಅವಳ ಬಲಗೈ ಜನ್ಮದಲ್ಲಿ ಮಾಡಿದ್ದಿಲ್ಲ. ಎಡಗೈ ತಾನಾಗಿಯೇ ಮುಂದೆ ಬಂತು. ಹೆಬ್ಬೆರಳು, ತೋರುಬೆರಳು ಚೀಟಿಯ ಮೂಲೆಯ ಹತ್ತಿರ ಬಂದು, ಜಾರಿ, ಮತ್ತೆ ಬಂದವು. ಏಳು ಸಲ ಜಾರಿದವು. ಸ್ಪ್ಯಾನರ್ ಲೆಕ್ಕ ಇಟ್ಟಳು. ಎಂಟನೆಯ ಸಲ ಎರಡು ಬೆರಳು ಕೂಡಿ ಮೂಲೆಯನ್ನು ಹಿಡಿದವು.

“ಗಾಳಿ ಹತ್ತಿರ ತಾ. ಅಷ್ಟಲ್ಲ. ಹಾಂ, ಅಲ್ಲೇ ಇರು,” ಅಂದಳು ಅಕ್ಕ. ಕ್ರೇನಿನ ಮೇಲಿಂದ ಕೆಳಗಿನವರಿಗೆ ಹೇಳುತ್ತಿದ್ದ ದನಿ ಅದು. ಎರಡು ತಿಂಗಳಿಂದ ಸ್ಪ್ಯಾನರ್ ಅದನ್ನು ಕೇಳಿರಲಿಲ್ಲ. ಅಕ್ಕ ಒಂದು ಕೂದಲೆಳೆಯಷ್ಟು ಎತ್ತುತ್ತಿದ್ದಳು, ಕೈ ನಡುಗಿದರೆ ನಿಲ್ಲಿಸಿ ಉಸಿರು ಬಿಡುತ್ತಿದ್ದಳು, ಮತ್ತೆ ಎತ್ತುತ್ತಿದ್ದಳು. ಹಣೆಯಿಂದ ಬೆವರು ಮೂಗಿಗೆ ಇಳಿಯಿತು. ಒರೆಸಲು ಹೋದ ತಂಗಿಗೆ “ಮುಟ್ಟಿದ್ರೆ ನೋಡು!” ಎಂದು ಗದರಿದಳು. ಮುಕ್ಕಾಲು ಗಂಟೆ ಹಿಡಿಯಿತು. ಫಿಸಿಯೋ ಮೇಡಂ ಆ ಬೆರಳುಗಳಿಂದ ಐದು ನಿಮಿಷದ ಕೆಲಸ ತೆಗೆಯಲು ಹೆಣಗಿ ಸೋತಿದ್ದರು.

ಕೊನೆಗೆ ಚೀಟಿ ಇಡಿಯಾಗಿ ಬಂದು ಅಕ್ಕನ ಎಡಗೈಯಲ್ಲಿ ನಿಂತಿತು. ಒಂದಕ್ಷರವೂ ಹೋಗಿರಲಿಲ್ಲ. ಕೆಳಗೆ ಬೆಳ್ಳಿ ಪದರ ಹಾಗೆಯೇ ಇತ್ತು, ಅದರ ಮೇಲೆ ಆಟದ ನಿಜವಾದ ಹೆಸರು ಅಚ್ಚಾಗಿತ್ತು. ಇಬ್ಬರೂ ಓದಿದರು.

“ಥೂ, ಇದೇನು ಹೆಸರು,” ಅಂದಳು ಅಕ್ಕ. “ಬೀಳೋದೇ ಚೆನ್ನಾಗಿತ್ತು.”

ಸ್ಪ್ಯಾನರ್ ಆ ಹೆಸರನ್ನು ಅಂಗಡಿಯವನಿಗೆ ಫೋನಿನಲ್ಲಿ ಹೇಳಿದಳು. ಪಟ್ಟಿಯಲ್ಲಿತ್ತು, ಓಡುತ್ತದೆ, ಆದರೆ ಅಂಕ ಉಳಿಸಿಡುವ ಹಳೆಯ ಮೆಮೊರಿ ಕಾರ್ಡಿನ ಬದಲಿಗೆ ಸೆಟ್ಟಿಂಗಿನಲ್ಲಿ ಮೊದಲು ಜಾಗ ತೆರೆಯಬೇಕು, ಇಲ್ಲದಿದ್ದರೆ ಶುರುವಿನಲ್ಲೇ ನಿಂತುಬಿಡುತ್ತದೆ ಎಂದ. ಅವಳು ಜಾಗ ತೆರೆದಳು. ಡಿಸ್ಕಿನ ಅಂಟನ್ನು ಒರೆಸಿ ಹಾಕಿದಳು. ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು. ನಡುಕವಿರಲಿಲ್ಲ.

ಟಿವಿಯಲ್ಲಿ ಬಾವಿ ತೆರೆಯಿತು. ಕೆಂಪು ಟೋಪಿಯ ಗುಂಡ ಅಂಚಿನಲ್ಲಿ ನಿಂತು ಕಣ್ಣು ಮಿಟುಕಿಸಿದ. ಅಕ್ಕ ಕಂಟ್ರೋಲರನ್ನು ಎರಡೂ ಕೈಯಲ್ಲಿ ಹಿಡಿದಳು. ಎಡ ಹೆಬ್ಬೆರಳನ್ನು ಬಲಗೈಯಿಂದ ಎತ್ತಿ ಬಾಣದ ಬಟನ್ನಿನ ಮೇಲೆ ಇಟ್ಟುಕೊಂಡಳು. ಗುಂಡ ಹಾರಿದ. ಮೊದಲ ಮೆಟ್ಟಿಲು ಬಂತು, ಬೆರಳು ಒತ್ತುವುದರೊಳಗೆ ಹೋಯಿತು. ಎರಡನೆಯದೂ ಹೋಯಿತು. ಮೂರನೆಯದು ಬರುವಾಗ ಹೆಬ್ಬೆರಳು ಒತ್ತಿತು, ಗುಂಡ ಎಡಕ್ಕೆ ಸರಿದು ಮೆಟ್ಟಿಲಿನ ತುದಿಗೆ ಕಾಲೂರಿದ. ಒಂದು ಕ್ಷಣ ನಿಂತ. ಆಮೇಲೆ ಜಾರಿ ತಲೆಕೆಳಗಾಗಿ ಹೋದ.

“ಬಿದ್ದೆ!” ಎಂದು ಅಕ್ಕ ಕೂಗಿದಳು. “ಅಯ್ಯೋ, ಬಿದ್ದೆ ಕಣೇ!”

ಕೂಗಿದ ಮೇಲೆ ತಾನು ಏನಂದೆ ಎಂದು ಅವಳಿಗೆ ತಿಳಿಯಿತು. ಇಬ್ಬರೂ ಮುಖ ಮುಖ ನೋಡಿಕೊಂಡರು. ಅಕ್ಕನ ಕಣ್ಣು ತುಂಬಿತು, ಅದರ ಜೊತೆಗೇ ನಗುವೂ ಉಕ್ಕಿತು. ಸ್ಪ್ಯಾನರ್ ಅಳು ಬಂದದ್ದು ಕಾಣದಿರಲಿ ಎಂದು ಎದ್ದು, ಅಮ್ಮನ ಚೀಟಿಯನ್ನು ಗೋಡೆಯ ಮೇಲಿದ್ದ ವ್ಯಾಯಾಮದ ಪಟ್ಟಿಯಲ್ಲಿ ‘ಎಡಗೈ’ ಎಂದಿದ್ದ ಜಾಗಕ್ಕೆ ಟೇಪ್ ಹಾಕಿ ಅಂಟಿಸಿದಳು.

“ಇನ್ನೊಂದು ಸಲ ಹಾಕು,” ಅಂದಳು ಅಕ್ಕ, ಕೆನ್ನೆ ಒರೆಸಿಕೊಳ್ಳುತ್ತ.

ಸ್ಪ್ಯಾನರ್ ಚೀಟಿಯಲ್ಲಿ ‘ಊಟದ ನಂತರ’ ಎಂದಿದ್ದ ಕಡೆ ಬೆರಳಿಟ್ಟು ತೋರಿಸಿದಳು. ಮಧ್ಯಾಹ್ನದ ಊಟ ಇನ್ನೂ ಆಗಿರಲಿಲ್ಲ.

ಅಕ್ಕ ಚೀಟಿ ಓದಿದಳು. ಎಡಗೈ ಕಂಟ್ರೋಲರನ್ನು ಬಿಟ್ಟಿರಲಿಲ್ಲ.

“ಹಾಗಾದ್ರೆ ಇನ್ನೂ ನಿಂತು ಏನು ನೋಡ್ತಿದ್ದೀಯ?” ಎಂದು ಗದರಿದಳು. “ಬೇಗ ಊಟ ಹಾಕು.”