ಎಲ್ಲಿಗೆ ಅನ್ನಬಾರದ ಊರು

ಕೆಲವರಿಗೆ ಮೂಗಿನ ತುದಿಯಲ್ಲೇ ಕೋಪ. ಕಗ್ಗಲಿಪಾಳ್ಯದ ಚೆಲುವಮ್ಮನಿಗೆ ನಾಲಗೆಯ ತುದಿಯಲ್ಲೇ ಪ್ರಶ್ನೆ. ಬಸ್ಸಿನ ಕಂಡಕ್ಟರಿಗೆ ಮದುವೆಯಾಗಿದೆಯೋ ಇಲ್ಲವೋ, ಕರೆಂಟಿನ ತಂತಿ ಮೇಲೆ ಕೂತ ಕಾಗೆಗೆ ಯಾಕೆ ಏನೂ ಆಗುವುದಿಲ್ಲ, ಒಡೆಯರಪಾಳ್ಯದ ಟಿಬೆಟಿನವರು ಟೀಗೆ ಉಪ್ಪು ಹಾಕಿ ಅದ್ಹೇಗೆ ಕುಡಿಯುತ್ತಾರೆ, ಇಷ್ಟೂ ಅವಳಿಗೆ ಬೇಕು. ತಿಳಿಯುವ ತನಕ ಉಂಡದ್ದು ಮೈಗೆ ಹತ್ತುವುದಿಲ್ಲ.

ಹಾಗಾಗಿ ಕಾಡಂಚಿನ ಆ ಊರಿಗೆ ಕೊಳ್ಳೇಗಾಲದಿಂದ ದೀಪಶ್ರೀ ಎಂಬ ತರಬೇತುದಾರಳು ಬಂದು, ‘ಆನೆ ಬಂದಾಗ ಬೀದಿಯವರನ್ನು ಕಾಪಾಡೋಕೆ ಬೀದಿಗೊಬ್ಬರು ಮುಂದಾಳು ಬೇಕು, ಊರವರೇ ಆಗಬೇಕು’ ಎಂದಾಗ, ಬಡಗಲ ಬೀದಿಯವರೆಲ್ಲ ಅರ್ಧ ತಮಾಷೆಗೆ, ಅರ್ಧ ತಾವು ತಪ್ಪಿಸಿಕೊಳ್ಳುವುದಕ್ಕೆ ಚೆಲುವಮ್ಮನ ಕಡೆ ಕೈ ತೋರಿಸಿದರು. ಅವಳೋ, ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಂತೆ ಹಿಗ್ಗಿದಳು.

ತರಬೇತಿ ನಡೆದದ್ದು ಊರಿನ ಶಾಲೆಯಲ್ಲಿ. ದೀಪಶ್ರೀ ಒಂದು ಹೇಳಿದರೆ ಚೆಲುವಮ್ಮ ಹತ್ತು ಕೇಳುತ್ತಿದ್ದಳು. ಆನೆ ನಿಂತು ಮಲಗುತ್ತೋ, ಒರಗಿಯೋ? ಬಾಳೆ ಹಣ್ಣಾದದ್ದು ಅದಕ್ಕೆ ಬೆಟ್ಟದ ಮೇಲಿಂದಲೇ ಗೊತ್ತಾಗುತ್ತಾ? ಮರಿಗೆ ಬಯ್ಯುತ್ತಾ? ಕೆಲವಕ್ಕೆ ಉತ್ತರ ಸಿಕ್ಕಿತು. ಉಳಿದವಕ್ಕೆ ದೀಪಶ್ರೀ, “ಕೇಳ್ಕೊಂಡು ಬಂದು ಹೇಳ್ತೀನಮ್ಮ” ಎಂದು ನಕ್ಕಳು.

ಕೊನೆಗೆ ಅವಳು ಮುಖ್ಯವಾದ ಮಾತಿಗೆ ಬಂದಳು. “ಆನೆ ಓಡಿಸೋದು ನಿಮ್ಮ ಕೆಲಸ ಅಲ್ಲ. ಅದು ಯಾವ ಕಡೆ ಇದೆ ಅಂತ ಅರಣ್ಯ ಇಲಾಖೆಯಿಂದ ನಿಮಗೆ ಮೆಸೇಜು ಬರುತ್ತೆ. ಆ ಕಡೆ ನಮ್ಮವರು ಯಾರಿದ್ದಾರೆ ಅಂತ ಗೊತ್ತಿದ್ರೆ ಫೋನ್ ಮಾಡಿ ಬೇರೆ ದಾರೀಲಿ ಕರೆಸ್ಕೋಬಹುದು. ಅದಕ್ಕೇ ದಿನಾ ಬೆಳಿಗ್ಗೆ ಹೊಲಕ್ಕೆ ಹೊರಟವರನ್ನ ಒಂದೇ ಒಂದು ಮಾತು ಕೇಳಿ. ಎಲ್ಲಿಗೆ ಹೋಗ್ತಿದ್ದೀರಿ?”

ಶಾಲೆಯಲ್ಲಿ ಕೂತವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊರಟವರನ್ನು ‘ಎಲ್ಲಿಗೆ’ ಅನ್ನುವುದುಂಟೇ! ಹಾಗೆ ಕೇಳಿಸಿಕೊಂಡವರು ಒಳಗೆ ಬಂದು, ನೀರು ಕುಡಿದು, ಒಂದು ಗಳಿಗೆ ಕೂತೇ ಮತ್ತೆ ಹೊರಡಬೇಕು. ಇಲ್ಲದಿದ್ದರೆ ಹೋದ ಕೆಲಸ ಕೆಟ್ಟಿತೆಂದೇ ಲೆಕ್ಕ.

ಇದರ ರುಚಿ ಚೆಲುವಮ್ಮನಷ್ಟು ಇನ್ಯಾರೂ ಕಂಡಿರಲಿಲ್ಲ. ಕೆಲವು ವರ್ಷದ ಹಿಂದೆ, ಎದುರು ಮನೆಯಲ್ಲೇ ಇರುವ ಅವಳ ಅಣ್ಣ ಕೆಂಪನಂಜಪ್ಪ ಮಗಳ ಸಂಬಂಧ ಮಾತಾಡಲು ಯಳಂದೂರಿನ ಆಚೆ ಅಗರಕ್ಕೆ ಹೊರಟಿದ್ದ. ಪಾತ್ರೆ ಉಜ್ಜುತ್ತಿದ್ದವಳು ತಡೆಯಲಾರದೆ, “ಎಲ್ಗಣ್ಣ, ಮಡಿ ಪಂಚೆ ಉಟ್ಕಂಡು?” ಅಂದುಬಿಟ್ಟಳು. ಅಣ್ಣ ಒಳಗೆ ಹೋಗಿ ನೀರು ಕುಡಿದು ಕೂತ. ಅಷ್ಟರಲ್ಲಿ ಬಸ್ಸು ಹೋಯಿತು. ಮಾರನೆಯ ದಿನ ಅಗರದವರು ಬೇರೆ ಮನೆಯಲ್ಲಿ ವೀಳ್ಯ ಬದಲಾಯಿಸಿಕೊಂಡ ಸುದ್ದಿ ಬಂತು. ಆಮೇಲೆ ಮಗಳಿಗೆ ಕೊಳ್ಳೇಗಾಲದಲ್ಲಿ ಇನ್ನೂ ಒಳ್ಳೆಯ ಸಂಬಂಧವೇ ಕೂಡಿಬಂತು, ಮೊಮ್ಮಗನೂ ಹುಟ್ಟಿದ. ಅಣ್ಣನ ಸಿಟ್ಟು ಮಾತ್ರ ಮಗಳ ಜೊತೆ ಗಂಡನ ಮನೆಗೆ ಹೋಗದೆ ತವರಲ್ಲೇ ಉಳಿಯಿತು. ಅಂದಿನಿಂದ ತಂಗಿಯ ಜೊತೆ ಮಾತಿಲ್ಲ, ಕತೆಯಿಲ್ಲ.

ಈಗ ನೋಡಿದರೆ ಕಾಡಿಗೆ ತೀರಾ ಹತ್ತಿರದ ಹೊಲ ಅವನದೇ. ಬೆಟ್ಟ ಇಳಿದ ಆನೆ ಮೊದಲು ಕಾಲಿಡುವುದು ಅಲ್ಲಿಗೇ. ಬೀದಿಯ ಜವಾಬ್ದಾರಿ ಹೊತ್ತವಳಿಗೆ ಎಲ್ಲರೂ ಒಂದೇ ಅನ್ನುವುದು ಬಾಯಿಮಾತು. ಚೆಲುವಮ್ಮನ ಎದೆಯಲ್ಲಿ ಕೂತು ಕೊರೆಯುತ್ತಿದ್ದದ್ದು ಅಣ್ಣನ ಚಿಂತೆ.

ಮೊದಮೊದಲು ಅವಳು ಬಾಯಿ ಬಿಡದೆ ಜಗುಲಿಯಲ್ಲಿ ನಿಂತು, ಹೊರಟವರ ಮುಖ ನೋಡಿ ಸುಮ್ಮನೆ ನಗುತ್ತಿದ್ದಳು. ಅವರೂ ಅರ್ಥ ಮಾಡಿಕೊಂಡು, “ಇಲ್ಲೇ ಕಣಮ್ಮೋ” ಅನ್ನುತ್ತಿದ್ದರು. ಕೆರೆಯ ಆಚೆ ಹೋಗುವವರೂ ಇಲ್ಲೇ, ಹನೂರಿನ ಸಂತೆಗೆ ಹೋಗುವವರೂ ಇಲ್ಲೇ. ಅವರ ಮಾತು ನಂಬಿದರೆ ಬೀದಿಯವರು ಯಾರೂ ಬೀದಿ ಬಿಟ್ಟು ಕದಲಿಯೇ ಇರಲಿಲ್ಲ!

ಅದರ ಫಲವೂ ಬೇಗನೇ ಕಂಡಿತು. ಪಕ್ಕದ ಮನೆ ಮಾದಸ್ವಾಮಿ ‘ಇಲ್ಲೇ’ ಎಂದು ಹೋದ ದಿನವೇ ಕೆರೆ ಹತ್ತಿರ ಒಂಟಿ ಆನೆ ಇದೆಯೆಂದು ಮೆಸೇಜು ಬಂತು. ಅವನು ಎಲ್ಲಿದ್ದಾನೆಂದು ಹೆಂಡತಿಗೂ ಗೊತ್ತಿಲ್ಲ. ಫೋನು ಚಾರ್ಜಿಗೆ ಹಾಕಿದ್ದು ಮನೆಯಲ್ಲೇ ಇತ್ತು. ಅವನೋ ಕೆರೆ ಪಕ್ಕದ ಜೋಳದ ಹೊಲದಲ್ಲಿದ್ದವನು ಹುಣಸೆಮರ ಹತ್ತಿ ಜೀವ ಉಳಿಸಿಕೊಂಡು, ಮೆಟ್ಟು ಕಳಕೊಂಡು, ಬರಿಗಾಲಲ್ಲಿ ಬಂದ.

“ಇಲ್ಲೇ ಅಂದಲ್ಲೋ ನೀನು?” ಚೆಲುವಮ್ಮ ರೇಗಿದಳು.

“ಇನ್ನೇನಂತ ಏಳ್ಲಿ? ಒರಟಿರೋನು ಬಾಯ್ಬುಟ್ಟು ಏಳಕಾಯ್ತದಾ?” ಅಂದ ಮಾದಸ್ವಾಮಿ. ತಪ್ಪು ಮಾಡಿದವನ ಹಾಗಲ್ಲ, ನ್ಯಾಯ ಹೇಳುವವನ ಹಾಗೆ ಅಂದ.

ಮಾರನೆಯ ಬೆಳಿಗ್ಗೆ ಅದೇ ಮಾದಸ್ವಾಮಿ ಹೊಸ್ತಿಲು ದಾಟುತ್ತ ಒಳಗಿನ ಹೆಂಡತಿಗೆ, “ಬತ್ತೀನಿ ಕಣೇ” ಎಂದು ಕೂಗಿದ. ಚೆಲುವಮ್ಮ ಪೊರಕೆ ಹಿಡಿದವಳು ಹಿಡಿದಂತೆ ನಿಂತಳು. ಹುಟ್ಟಿದಾಗಿನಿಂದ ಕೇಳಿದ ಮಾತು! ಹೋಗುವುದನ್ನು ಯಾರೂ ಬಾಯಲ್ಲಿ ಹೇಳುವುದಿಲ್ಲ, ಬರುವುದನ್ನು ಎಲ್ಲರೂ ಹೇಳುತ್ತಾರೆ. ಬರುವ ಮಾತು ಶುಭ. ಹಾಗಾದರೆ ಅದನ್ನೇ ಕೇಳಿದರೆ?

“ಮಾದಸ್ವಾಮಿ, ಯಾವ ಕಡಿಂದ ಬತ್ತೀಯಪ್ಪ ಸಂಜ್ಗ?”

ಅವನು ಒಂದು ಕ್ಷಣ ಯೋಚಿಸಿದ. ಮಾತಿನಲ್ಲಿ ಏನೂ ಕೆಡುಕು ಕಾಣಲಿಲ್ಲ. “ಕೆರೆ ಕಡಿಂದ ಕಣಮ್ಮೋ. ಒತ್ತು ಮುಳುಗಕ್ಕ ಮುಂಚೆ ಬತ್ತೀನಿ.”

ಅಷ್ಟೇ. ಎಲ್ಲಿರುತ್ತಾನೆಂದೂ ತಿಳಿಯಿತು, ಎಷ್ಟು ಹೊತ್ತಿಗೆ ಕಾಯಬೇಕೆಂದೂ ತಿಳಿಯಿತು. ವಾರ ಕಳೆಯುವುದರೊಳಗೆ ಇಡೀ ಬೀದಿ ನಿಂತು ಉತ್ತರ ಹೇಳಿ ಹೋಗತೊಡಗಿತು. ಫೋನಿನಲ್ಲಿ ಇದನ್ನು ಕೇಳಿದ ದೀಪಶ್ರೀ, “ಅಮ್ಮ, ನೀವೇ ಕೊಳ್ಳೇಗಾಲಕ್ಕೆ ಬಂದು ಬೇರೆ ಊರಿನವರಿಗೂ ಇದನ್ನ ಹೇಳಿಕೊಡಬೇಕು” ಎಂದಳು.

ಉಳಿದವನು ಅಣ್ಣ. ಮಾತು ಬಿಟ್ಟವನನ್ನು ಕೇಳುವುದು ಹೇಗೆ? ಚೆಲುವಮ್ಮ ಅವನ ಹಸುವನ್ನು ಹಿಡಿದಳು. “ಏನವ್ವ ಬಸವಿ, ಯಾವ ಕಡಿಂದ ಬತ್ತೀಯವ್ವ ಇವತ್ತು?” ಬಸವಿ ಕಿವಿ ಅಲ್ಲಾಡಿಸಿತು. ದಿನಾ ಕೇಳಿದಳು. ಒಂದು ದಿನ ಕೆಂಪನಂಜಪ್ಪ ಹಗ್ಗ ಜಗ್ಗಿ, “ಬಸವಿ, ಎಲ್ರೂ ಬರೋ ಕಡಿಂದ್ಲೇ ನಾವೂ ಬರೋದು ಅಂತೇಳು” ಎಂದು ಹಸುವಿಗೇ ಹೇಳಿ ಮುಂದೆ ಹೋದ. ಬೀದಿ ನಕ್ಕಿತು. ಚೆಲುವಮ್ಮನಿಗೆ ನಗು ಬರಲಿಲ್ಲ.

ಆ ದಿನವೇ, ಹೊತ್ತು ಇಳಿಯುವಾಗ ಮೆಸೇಜು ಬಂತು. ಆನೆ ಹಿಂಡು, ಮರಿಯೂ ಇದೆ, ಹಳ್ಳದ ಕಡೆ. ಎಲ್ಲರೂ ಮನೆ ಸೇರಿದ್ದರು, ಅಣ್ಣನೊಬ್ಬನನ್ನು ಬಿಟ್ಟು. ಅವನಿಗೆ ಬರಲು ಎರಡು ದಾರಿ, ಹಳ್ಳದ್ದೊಂದು, ಕೆರೆ ಏರಿಯದೊಂದು. ಫೋನ್ ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು. ತಂಗಿಯ ಹೆಸರು ಕಂಡರೆ ಅವನೆಲ್ಲಿ ಎತ್ತುತ್ತಾನೆ! ಮಾದಸ್ವಾಮಿಯ ಫೋನು ಕಿತ್ತುಕೊಂಡು ಅದರಿಂದ ಮಾಡಿದಳು. ಅಣ್ಣ ಎತ್ತಿದ.

“ಏನ್ಲಾ ಮಾದ?”

“ಅಣ್ಣ, ನಾನು ಚೆಲ್ವಿ. ಇಡಬ್ಯಾಡ. ಯಾವ ಕಡಿಂದ ಬತ್ತಾ ಇದ್ದೀಯೆ?”

ಆ ಕಡೆ ಬಸವಿಯ ಗಂಟೆ ಕೇಳಿಸಿತು. ಅಣ್ಣನ ಉಸಿರೂ ಕೇಳಿಸಿತು. ಇಷ್ಟು ವರ್ಷ ಕಾದದ್ದು ಒಂದು ತೂಕವಾದರೆ ಆ ಒಂದು ಗಳಿಗೆ ಕಾದದ್ದೇ ಒಂದು ತೂಕವಾಯಿತು ಅವಳಿಗೆ.

“ಹಳ್ಳದ ಕಡಿಂದ,” ಅಂದ.

“ಆನೆಗಳು ಅಲ್ಗೇ ಇಳ್ದವ ಕಣಣ್ಣ, ಮರಿ ಬ್ಯಾರೆ ಅದ. ತಿರೀಕಂಡು ಏರಿ ಮ್ಯಾಲಿಂದ ಬಾ. ನಿನ್ನ ದಮ್ಮಯ್ಯ ಅಂತೀನಿ.”

ಏರಿಯ ಕಡೆಯಿಂದ ಹಸುವಿನ ಹಿಂದೆ ಅವನು ಬಂದಾಗ ಚೆಲುವಮ್ಮ ಬೀದಿಯಲ್ಲೇ ಗೊಳೋ ಎಂದು ಅತ್ತಳು. ಕೆಂಪನಂಜಪ್ಪ ನಿಂತ. ತಂಗಿಯ ಮುಖ ನೋಡಲಾರದೆ, “ಬಸವಿ, ಬಂದ್ವಿ ಅಂತೇಳವ್ವ” ಅಂದು ಒಳಗೆ ಹೋದ.

ಕೊಳ್ಳೇಗಾಲದ ತರಬೇತಿಯ ದಿನ ಬಂತು. ಚೆಲುವಮ್ಮ ಹೊಸ ಸೀರೆ ಉಟ್ಟು ಹೊಸ್ತಿಲು ದಾಟಿದಳು. ದಿನಾ ಎಲ್ಲರನ್ನೂ ಕೇಳುವವಳು. ಅವಳನ್ನು ಮಾತ್ರ ಯಾರೂ ಯಾವತ್ತೂ ಏನೂ ಕೇಳಿರಲಿಲ್ಲ. ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಎದುರು ಜಗುಲಿಯಿಂದ ಗಟ್ಟಿ ದನಿ ಬಂತು.

“ಎಲ್ಗ ಚೆಲ್ವಿ, ಒಸ ಸೀರೆ ಉಟ್ಕಂಡು?”

ಬೀದಿಗೆ ಬೀದಿಯೇ ಬೆಚ್ಚಿತು. ಮಾದಸ್ವಾಮಿಯ ಹೆಂಡತಿ ನೀರು ತರಲು ಒಳಗೋಡಿದಳು. ಚೆಲುವಮ್ಮ ಒಳಗೆ ಹೋಗಲೂ ಇಲ್ಲ, ಕೂರಲೂ ಇಲ್ಲ. ಬಸ್ಸು ಆಗಲೇ ಹಾರ್ನ್ ಹೊಡೆಯುತ್ತಿತ್ತು.

“ಕೊಳ್ಳೇಗಾಲ್ಕ ಕಣಣ್ಣ!” ಅಂದಳು. “ನಾಕ್ ಗಂಟೆ ಬಸ್ಗ ಬತ್ತೀನಿ.”

“ಬಾ. ಇಲ್ಲೇ ಇರ್ತೀನಿ.”

ಸಂಜೆ ಅವಳು ಬಸ್ಸಿಳಿದು ಬೀದಿಗೆ ತಿರುಗಿದಾಗ, ಅಣ್ಣ ಅಲ್ಲೇ ಕೂತಿದ್ದ.